ಕೊಚ್ಚಿಹೋಗಬೇಕಾದ ಸೇತುವೆ

ದೋಲ್ಮೊರಿಯ ತಾಕ್ ಸೊಕ್ಬೊಂಗ್ ತನ್ನ ಜೀವಮಾನದಲ್ಲಿ ನಲವತ್ತೊಂದು ಸೇತುವೆ ಕಟ್ಟಿದ್ದಾನೆ. ಅದರಲ್ಲಿ ನಲವತ್ತು ಕೊಚ್ಚಿಹೋದವು, ಒಂದು ನಿಂತಿತು. ಕೊಚ್ಚಿಹೋದ ನಲವತ್ತರ ಬಗ್ಗೆ ಅವನಿಗೆ ಹೆಮ್ಮೆ. ನಿಂತ ಒಂದರ ಮಾತು ಬಂದರೆ ಇವತ್ತಿಗೂ ತಲೆ ತಗ್ಗಿಸುತ್ತಾನೆ.

ಊರಾಚೆಯವರಿಗೆ ಇದು ಹುಚ್ಚರ ಮಾತಿನ ಹಾಗೆ ಕೇಳಿಸಬಹುದು. ದೋಲ್ಮೊರಿಯಲ್ಲಿ ಹಾಗಲ್ಲ. ಸುಗ್ಗಿ ಮುಗಿದು ಮುಸುಕಿನ ಜೋಳದ ತೆನೆಗಳು ಸೂರಿನ ಕೆಳಗೆ ತೂಗಾಡತೊಡಗಿದ ಮೇಲೆ, ದೊಂಗಾಂಗ್ ನದಿಯ ನೀರು ತೊಡೆಯ ಮಟ್ಟಕ್ಕೆ ಇಳಿದಾಗ, ಊರವರೆಲ್ಲ ಸೇರಿ ಕವಲು ಮರಗಳನ್ನು ತಲೆಕೆಳಗಾಗಿ ನದಿಯಲ್ಲಿ ನೆಡುತ್ತಾರೆ. ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಪೈನ್ ಕೊಂಬೆ, ಕೊಂಬೆಯ ಮೇಲೆ ಮಣ್ಣು. ಬಿಗಿಯುವುದಕ್ಕೆ ಕಾಡುಬಳ್ಳಿ. ಕಬ್ಬಿಣದ ಒಂದು ಮೊಳೆಯೂ ಕೂಡದು. ಚಳಿಗಾಲವಿಡೀ ಊರು ಅದರ ಮೇಲೆ ಓಡಾಡುತ್ತದೆ. ಮಳೆಗಾಲದ ಮೊದಲ ಪ್ರವಾಹ ಬಂದಾಗ ಬಳ್ಳಿ ಬಿಚ್ಚಿಕೊಂಡು ಸೇತುವೆ ತನ್ನ ಪಾಡಿಗೆ ತಾನು ಹೊರಟುಹೋಗುತ್ತದೆ. ಊರವರು ದಡದಲ್ಲಿ ನಿಂತು ತಲೆಬಾಗಿ, ನಾಲ್ಕು ದಿನ ಇದ್ದು ಹೊರಟ ನೆಂಟರನ್ನು ಬೀಳ್ಕೊಡುವ ಹಾಗೆ ಕಳಿಸಿಕೊಡುತ್ತಾರೆ. ಆಮೇಲೆ ಸುಗ್ಗಿಯವರೆಗೆ ಹಗ್ಗ ಹಿಡಿದು ಎಳೆಯುವ ದೋಣಿ.

ಇನ್ನೊಂದು ಕಟ್ಟಳೆಯೂ ಉಂಟು. ಹೊಸ ಸೇತುವೆಯ ಮೇಲೆ ಮೊದಲ ಹೆಜ್ಜೆ ಆಚೆ ದಡದವರದ್ದು. ಊರಿನ ಹತ್ತೊಂಬತ್ತು ಮನೆ, ಗಿರಣಿ, ಉಪ್ಪಿನಂಗಡಿ ಎಲ್ಲ ಈಚೆಗಿವೆ. ಆಚೆಗೆ ಬೇಗುನ್ ಬೆಟ್ಟ, ಸೌದೆಯ ಕಾಡು, ಇಳಿಜಾರಿನ ಆಲೂಗಡ್ಡೆ ಹೊಲಗಳು, ಮತ್ತೆ ಒಂದೇ ಒಂದು ಮನೆ. ಆ ಮನೆಯವರು ದಾಟಿ ಬಂದ ಮೇಲೆಯೇ ಉಳಿದವರು ಕಾಲಿಡಬೇಕು. ಅಲ್ಲಿಯವರೆಗೆ ನಾಯಿಯನ್ನೂ ಹತ್ತಲು ಬಿಡುವುದಿಲ್ಲ.

ಆ ಒಂಟಿ ಮನೆ ಜಿ ಚುನ್ಸಾಮನದು. ಸೊಕ್ಬೊಂಗನಿಗಿಂತ ಐದು ವರ್ಷ ದೊಡ್ಡವನು. ಹರೆಯದಲ್ಲಿ ಇಬ್ಬರೂ ಜೊತೆಯಲ್ಲಿ ಮರದ ತೆಪ್ಪ ನಡೆಸುತ್ತಿದ್ದರು. ಬೆಟ್ಟದಲ್ಲಿ ಕಡಿದ ಪೈನ್ ದಿಮ್ಮಿಗಳನ್ನು ಒಂದಕ್ಕೊಂದು ಕಟ್ಟಿ, ಹಿಮ ಕರಗಿದ ನೀರಿನ ಮೇಲೆ ಸಿಯೋಲಿನವರೆಗೆ ತೇಲಿಸಿಕೊಂಡು ಹೋಗುವ ಕೆಲಸ. ಹೆಂಡತಿ ಮಕ್ಕಳಿದ್ದವರು ಮಾಡುವ ಕೆಲಸವಲ್ಲ ಎಂದು ಊರ ಹೆಂಗಸರು ಬಯ್ಯುತ್ತಿದ್ದರು. ಒಂದು ವಸಂತದಲ್ಲಿ ಕಡಿದಾದ ಬಂಡೆಯ ಬುಡದ ಸುಳಿಯಲ್ಲಿ ತೆಪ್ಪ ಒಡೆದು ಸೊಕ್ಬೊಂಗ್ ದಿಮ್ಮಿಗಳ ಅಡಿಗೆ ಹೋದ. ಚುನ್ಸಾಮ್ ಅವನ ಜುಟ್ಟು ಹಿಡಿದು ಮೇಲೆಳೆದ.

"ಕೂದಲು ಕತ್ತರಿಸೋ ಅಂತ ಹೋದ ವಾರವೇ ಹೇಳಿದ್ದೆ. ನೀನು ಕೇಳಲಿಲ್ಲ, ಒಳ್ಳೇದಾಯ್ತು ನೋಡು," ಎಂದ ಚುನ್ಸಾಮ್, ಉಸಿರು ತಿರುಗಿದ ಮೇಲೆ. ಅಂದಿನಿಂದ ಸೊಕ್ಬೊಂಗ್ ತನ್ನ ಉಸಿರಿನಲ್ಲಿ ಅರ್ಧ ಚುನ್ಸಾಮ್ ಅಣ್ಣನದು ಎಂದೇ ತಿಳಿದ.

ರೈಲು ಬಂದು ತೆಪ್ಪದ ಕಾಲ ಮುಗಿಯಿತು. ಇಬ್ಬರೂ ಮನೆ ಮಾಡಿಕೊಂಡರು, ಒಬ್ಬ ಈ ದಡದಲ್ಲಿ, ಒಬ್ಬ ಆ ದಡದಲ್ಲಿ. ನೀರಿನ ಸದ್ದಿಗೆ ಮಾತು ಕೇಳಿಸದು, ಹಾಗಾಗಿ ಎರಡು ದಡಗಳ ನಡುವೆ ಕೈಸನ್ನೆಯೇ ಭಾಷೆ. ಎರಡು ತೋಳು ಅಡ್ಡ ಹಿಡಿದರೆ ಬರಬೇಡ ಎಂದು. ಟೋಪಿ ಬೀಸಿದರೆ ದೋಣಿ ಕಳಿಸು ಎಂದು. ಬೆಳಗ್ಗೆ ಎದ್ದು ನದಿಗೆ ಬಂದವರು ಐದು ಬೆರಳು ಕೂಡಿಸಿ ಬಾಯಿಗೆ ತೋರಿಸಿದರೆ, ಊಟ ಆಯ್ತಾ ಎಂದು. ಆಚೆಯಿಂದ ಹೊಟ್ಟೆ ಸವರಿ ತೋರಿಸುವುದು, ಆಯ್ತು ಎಂದು. ಹಸಿದಿದ್ದರೂ ಸವರುವುದೇ ಮರ್ಯಾದೆ. ಚುನ್ಸಾಮನ ಹೆಂಡತಿ ಬುನ್ರೆಯೂ ಇದನ್ನೇ ಕಲಿತಳು. ಮಿತಾನ್ ಕಡೆಯ ಹೆಣ್ಣಾದ್ದರಿಂದ ಊರಿಗೆಲ್ಲ ಅವಳು ಮಿತಾನ್ ಅತ್ತಿಗೆ. ಗಂಡ ಹೊಲದಲ್ಲಿದ್ದರೆ ಅವಳೇ ನದಿಗೆ ಬಂದು ಬೆರಳು ಬಾಯಿಗಿಟ್ಟು ಕೇಳುತ್ತಿದ್ದಳು.

ಸಾವಿರದ ಒಂಬೈನೂರ ಎಪ್ಪತ್ತೊಂದರ ಮಳೆಗಾಲದಲ್ಲಿ ಸೇತುವೆ ಹೋಗಿ ಆರನೆಯ ದಿನ ಚುನ್ಸಾಮನಿಗೆ ಹೊಟ್ಟೆನೋವು ಶುರುವಾಯಿತು. ನದಿ ಕೆಂಪಾಗಿ ಉಬ್ಬಿ ಹರಿಯುತ್ತಿತ್ತು. ದೋಣಿ ಇಳಿಸುವ ಹಾಗಿರಲಿಲ್ಲ. ಬುನ್ರೆ ದಡಕ್ಕೆ ಬಂದು ಟೋಪಿ ಬೀಸಿಯೇ ಬೀಸಿದಳು. ಸೊಕ್ಬೊಂಗ್ ಎರಡು ಸಲ ದೋಣಿ ತಳ್ಳಿದ, ಎರಡು ಸಲವೂ ನದಿ ಅದನ್ನು ತಂದು ಇದೇ ದಡಕ್ಕೆ ಒಗೆಯಿತು. ನೋವು ಶುರುವಾದ ಮೂರನೆಯ ದಿನ ಬುನ್ರೆ ಟೋಪಿ ಬೀಸುವುದನ್ನು ನಿಲ್ಲಿಸಿ, ಎರಡು ತೋಳುಗಳನ್ನು ಅಡ್ಡ ಹಿಡಿದಳು. ಇನ್ನು ಬರುವ ಅಗತ್ಯವಿರಲಿಲ್ಲ.

ಅದನ್ನು ಕಂಡ ಗಳಿಗೆಯಲ್ಲೇ ಸೊಕ್ಬೊಂಗ್ ನಿಶ್ಚಯ ಮಾಡಿದ, ಇನ್ನು ಈ ನದಿಯಲ್ಲಿ ಸೇತುವೆ ಹೋಗಕೂಡದು. ಪ್ರೀತಿಯಿಂದಲೇ ಮಾಡಿದ ನಿಶ್ಚಯ. ಅವನು ಮಾಡಿದ ತಪ್ಪು ಅಲ್ಲಿಂದಲೇ ಶುರು.

ಪಕ್ಕದ ಮನೆಯ ದೊಕ್ಪಾಲ್ ಕಲ್ಲಿದ್ದಲ ಗಣಿಗೆ ಹೋಗುತ್ತಿದ್ದ. ಗಣಿಯಲ್ಲಿ ಸವೆದು ಎಸೆದ ಉಕ್ಕಿನ ಹಗ್ಗ ಬೇಕಾದಷ್ಟು ಬಿದ್ದಿತ್ತು. ಇಬ್ಬರೂ ಸೇರಿ ಅದನ್ನು ಎತ್ತಿನಗಾಡಿಯಲ್ಲಿ ತಂದರು. ಆ ವರ್ಷ ಸೊಕ್ಬೊಂಗ್ ಕವಲು ಮರಗಳನ್ನೂ ತೊಲೆಗಳನ್ನೂ ಉಕ್ಕಿನ ಹಗ್ಗದಿಂದ ಹೆಣೆದ. ಈಚೆ ದಡದ ದೊಡ್ಡ ಬಂಡೆಗೊಂದು ಸುತ್ತು, ಆಚೆ ದಡದ ಬಂಡೆಗೊಂದು ಸುತ್ತು.

ಊರಿನ ಹಿರಿಯ ಗ್ವಾಕ್ ಅಜ್ಜ ಬಂದು ಕೋಲಿನಿಂದ ಹಗ್ಗವನ್ನು ಕುಟ್ಟಿ ನೋಡಿದ. "ಏನೋ ಇದು? ನದಿಗೆ ಮೂಗುದಾರ ಹಾಕ್ತಿದೀಯಾ?"

"ಈ ಸಲ ಹೋಗಲ್ಲ ಅಜ್ಜ. ಬೇಕಾದ್ರೆ ಕುಣಿದು ನೋಡಿ."

ಅಜ್ಜ ಕುಣಿಯಲಿಲ್ಲ, ಒಮ್ಮೆ ನಡೆದು ನೋಡಿದ. "ಅಲ್ಲಾಡ್ತಾನೇ ಇಲ್ವಲ್ಲೋ," ಎಂದ. ಸೊಕ್ಬೊಂಗ್ ಅದನ್ನು ಹೊಗಳಿಕೆ ಎಂದುಕೊಂಡ.

ಮರುವರ್ಷ ಬಂದದ್ದು ಎಪ್ಪತ್ತೆರಡರ ಮಹಾಪೂರ. ಮೇಲಿನ ಕಣಿವೆಗಳಿಂದ ಬೇರುಸಹಿತ ಕಿತ್ತ ಮರಗಳು, ಹುಲ್ಲಿನ ಚಾವಣಿಗಳು, ಒಂದು ಇಡೀ ಹಂದಿಗೂಡು, ಎಲ್ಲ ತೇಲಿ ಬಂದು ಸೇತುವೆಗೆ ಸಿಕ್ಕಿಕೊಂಡವು. ಕಾಲುಗಳು ಮುರಿದರೂ ಉಕ್ಕಿನ ಹಗ್ಗ ಬಿಡಲಿಲ್ಲ. ಸೇತುವೆ ಅಣೆಕಟ್ಟಾಯಿತು. ತಡೆ ಸಿಕ್ಕಿದ ನದಿ ತಲೆ ತಿರುಗಿಸಿ ಆಚೆ ದಡಕ್ಕೆ ನುಗ್ಗಿತು. ಬುನ್ರೆಯ ಜೋಳದ ಹೊಲವನ್ನು ತಿಂದಿತು, ಅಡುಗೆಮನೆಯ ಗೋಡೆಯನ್ನು ಕೆಡವಿತು, ಹಿತ್ತಿಲ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ ಮಣ್ಣಿನ ಭರಣಿಗಳತ್ತ ಹೊರಟಿತು.

ಅವಳು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ದಿಬ್ಬ ಹತ್ತಿದ್ದಳು. ಅಲ್ಲಿಂದ ಕೈ ಬೀಸುತ್ತಿದ್ದಳು. ಈ ಸನ್ನೆಯನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ, ಆದರೂ ಸೊಕ್ಬೊಂಗನಿಗೆ ಅರ್ಥವಾಯಿತು. ಮುಷ್ಟಿ ಬಿಗಿಹಿಡಿದು ಮತ್ತೆ ಪೂರ್ತಿ ಬಿಚ್ಚುವುದು. ಬಿಡು, ಬಿಡು, ಅದನ್ನ ಬಿಟ್ಟುಬಿಡು.

ಅವನು ಕೊಡಲಿ ತಂದು ಬಂಡೆಗೆ ಸುತ್ತಿದ್ದ ಹಗ್ಗದ ಮೇಲೆ ಬೀಸಿದ. ಕೊಡಲಿಯ ಬಾಯಿ ಹಲ್ಲು ಹಲ್ಲಾಯಿತು. ತಾನೇ ಬಿಗಿದ ಗಂಟು ತನಗೇ ಬಿಚ್ಚಲು ಬರಲಿಲ್ಲ. ಕಣ್ಣೆದುರೇ ಭರಣಿಗಳು ಒಂದೊಂದಾಗಿ ಕಟ್ಟೆಯಿಂದ ಇಳಿದು, ಸ್ವಲ್ಪ ದೂರ ನೆಟ್ಟಗೆ ತೇಲಿ, ಮುಳುಗಿದವು. ಕೊನೆಗೆ ಹೋದದ್ದು ಎಲ್ಲಕ್ಕಿಂತ ದೊಡ್ಡದು, ಕಪ್ಪನೆಯದು. ಹಗ್ಗ ತುಂಡಾದದ್ದು ಅದಾದ ಮೇಲೆ.

ಆ ಕಪ್ಪು ಭರಣಿಯಲ್ಲಿ ಹೆಪ್ಪಿನ ಹಾಗೆ ಕಾಪಿಟ್ಟ ಮೂಲದ ಸೋಯಾ ರಸವಿತ್ತು, ಅಡುಗೆಗೆ ಉಪ್ಪು ರುಚಿ ಕೊಡುವಂಥದ್ದು. ಬುನ್ರೆಯ ಅತ್ತೆ ತನ್ನ ಅತ್ತೆಯಿಂದ ಪಡೆದದ್ದು. ಪ್ರತಿ ವರ್ಷ ಹೊಸ ರಸ ಮಾಡುವಾಗ ಅದರಿಂದ ಒಂದು ಬಟ್ಟಲು ಬೆರೆಸುವುದು, ಹೊಸದರಲ್ಲಿ ಒಂದು ಬಟ್ಟಲು ಅದಕ್ಕೆ ಸೇರಿಸುವುದು. ಹೀಗೆ ಎಂಬತ್ತು ವರ್ಷ ಆ ಭರಣಿ ಬರಿದಾಗಿರಲಿಲ್ಲ. ಮನೆಗಳು ಸುಟ್ಟ ಯುದ್ಧದಲ್ಲೂ ಅದನ್ನು ಹೂತಿಟ್ಟು ಉಳಿಸಿಕೊಂಡಿದ್ದರು.

ನೀರಿಳಿದ ಮೇಲೆ ಊರವರೆಲ್ಲ ದೋಣಿಯಲ್ಲಿ ಹೋಗಿ ಗೋಡೆ ಎಬ್ಬಿಸಿಕೊಟ್ಟರು. ಸೊಕ್ಬೊಂಗನೂ ಹೋಗಿ ಮಣ್ಣು ತುಳಿದ. ಬುನ್ರೆ ಅವನನ್ನು ಬಯ್ಯಲಿಲ್ಲ. ಎಲ್ಲರಿಗೂ ಕೊಟ್ಟ ಹಾಗೆ ಅವನಿಗೂ ಮಗಳ ಕೈಯಲ್ಲಿ ಆಲೂಗಡ್ಡೆ ಕಡುಬು ಕೊಡಿಸಿದಳು. ಆದರೆ ಒಂದನ್ನು ನಿಲ್ಲಿಸಿಬಿಟ್ಟಳು. ಬೆಳಗ್ಗೆ ನದಿಗೆ ಬಂದರೆ ಬೆರಳು ಬಾಯಿಗೆ ಹೋಗಲಿಲ್ಲ. ಉಪ್ಪಿಗೆಂದು ಈಚೆಗೆ ಬಂದಾಗ ದಾರಿಯಲ್ಲಿ ಕಂಡವರಿಗೆಲ್ಲ "ಊಟ ಆಯ್ತಾ?" ಎನ್ನುತ್ತಿದ್ದವಳು ಅವನೆದುರು ಬಂದಾಗ ಕುಪ್ಪಸದ ಗಂಟು ಸರಿಮಾಡಿಕೊಳ್ಳುವವಳಂತೆ ತಲೆ ತಗ್ಗಿಸಿ ಹೋದಳು.

ಊರಲ್ಲಿ ಊಟ ಆಯ್ತಾ ಎಂದು ಕೇಳಿಸಿಕೊಳ್ಳದವನು ಇದ್ದೂ ಇಲ್ಲದವನು. ಸೊಕ್ಬೊಂಗ್ ಸೊರಗಿದ. ಅವನ ಹೆಂಡತಿ ಪಿಲ್ಯೊ ಎಷ್ಟು ಬಡಿಸಿದರೂ ತಟ್ಟೆಯಲ್ಲಿ ಅರ್ಧ ಉಳಿಯುತ್ತಿತ್ತು.

"ಅವಳು ಬೈದಿದ್ರೆ ಚೆನ್ನಾಗಿತ್ತು," ಎಂದ ಅವನು.

"ಬೈದಿದ್ರೆ ನೀವು ಒಂದು ದಿನ ಅತ್ತು ಮರೆತುಬಿಡ್ತಿದ್ರಿ," ಎಂದಳು ಪಿಲ್ಯೊ. "ಬುನ್ರೆ ಅಕ್ಕನಿಗೆ ಅದು ಗೊತ್ತು."

ಸುಗ್ಗಿ ಮುಗಿಯಿತು. ಸೇತುವೆಯ ಮುಂದಾಳು ಯಾರು ಎಂಬ ಮಾತು ಬಂತು. ದೊಕ್ಪಾಲ್ ಹಗ್ಗ ತಂದವರಲ್ಲಿ ತಾನೂ ಒಬ್ಬ ಎಂಬುದನ್ನು ಮರೆತು, "ಈ ಸಲ ಬೇರೆಯವರು ನೋಡಿಕೊಳ್ಳಲಿ," ಎಂದ.

ಗ್ವಾಕ್ ಅಜ್ಜ ತಂಬಾಕಿನ ಪೈಪು ಕುಟ್ಟಿದ. "ಕೆಡಿಸಿದವನೇ ಕಟ್ಟಲಿ. ಆಚೆಯವಳು ಹೆಜ್ಜೆ ಇಟ್ಟರೆ ನಾವೂ ಇಡೋಣ. ಇಡದಿದ್ರೆ ಚಳಿಗಾಲ ಪೂರ್ತಿ ಅದರ ಮೇಲೆ ಕಾಗೆ ಕೂತಿರಲಿ. ಸೌದೆಗೆ ತೊಡೆಮಟ್ಟದ ನೀರಿಗೆ ಇಳಿದು ಹೋಗೋಣ, ಬುದ್ಧಿ ಬರುತ್ತೆ ಎಲ್ಲರಿಗೂ."

ಹಾಗಾಗಿ ಸೊಕ್ಬೊಂಗ್ ಬೆಟ್ಟದ ದೇವರಿಗೆ ಒಂದು ಬಟ್ಟಲು ಜೋಳದ ಹೆಂಡ ಸುರಿದು, ಕೈಮುಗಿದು, ಕವಲು ಮರ ಆರಿಸಲು ಬೇಗುನ್ ಬೆಟ್ಟ ಹತ್ತಿದ. ಹತ್ತು ದಿನ ಬರಿಗಾಲಲ್ಲಿ ನದಿಯೊಳಗೆ ನಡೆದ. ಪೂರ ಬಂದು ಹೋದ ಮೇಲೆ ನದಿಯ ತಳವೇ ಬದಲಾಗಿತ್ತು. ಎಲ್ಲಿ ಮರಳು, ಎಲ್ಲಿ ಗುಂಡುಕಲ್ಲು, ಎಲ್ಲಿ ಗುಂಡಿ ಎಂದು ಅಂಗಾಲಿನಿಂದಲೇ ಮತ್ತೆ ಕಲಿತ. ಕಡೆಗೆ ಹಿಂದಿನ ಜಾಗದಿಂದ ಎಂಬತ್ತು ಹೆಜ್ಜೆ ಕೆಳಗೆ ಕೋಲು ನೆಟ್ಟ. ಬಳ್ಳಿಯನ್ನು ಬಿಗಿಯುವಾಗ ಪ್ರತಿ ಗಂಟನ್ನೂ ಒಮ್ಮೆ ಬಿಚ್ಚಿ ನೋಡಿದ. ಒಂದೇ ಎಳೆತಕ್ಕೆ ಬಿಚ್ಚದ ಗಂಟನ್ನು ಎಸೆದು ಹೊಸದಾಗಿ ಕಟ್ಟಿದ.

"ಗಂಟು ಹಾಕೋದು ಗೊತ್ತಿರೋರು ಊರಲ್ಲಿ ಬೇಕಾದಷ್ಟಿದ್ದಾರೆ," ಎಂದು ದೊಕ್ಪಾಲ್ ಚುಚ್ಚಿದ. "ಬಿಚ್ಚೋದಕ್ಕೆ ಅಂತ ಗಂಟು ಹಾಕೋನು ನೀನೊಬ್ಬನೇ."

"ಹೌದು," ಎಂದ ಸೊಕ್ಬೊಂಗ್. ಅವನಿಗೆ ಸಿಟ್ಟು ಬರಲಿಲ್ಲ.

ಹೆಂಗಸರು ತಲೆಯ ಮೇಲೆ ಬುಟ್ಟಿ ಬುಟ್ಟಿ ಮಣ್ಣು ತಂದು ಕೊನೆಯ ಪದರ ಹಾಸಿದರು. ಆಗಲೇ ನದಿಯಂಚಿನಲ್ಲಿ ಗಾಜಿನಂಥ ಮಂಜುಗಡ್ಡೆಯ ತೆಳು ಪದರ ಕಾಣಿಸಿಕೊಂಡಿತ್ತು. ಮರುದಿನ ಬೆಳಗ್ಗೆ ಊರೆಲ್ಲ ಈಚೆ ದಡದಲ್ಲಿ ಸೇರಿತು. ಆಚೆ ಬುನ್ರೆಯ ಮನೆಯ ಹೊಗೆ ನೆಟ್ಟಗೆ ಏಳುತ್ತಿತ್ತು. ಬಾಗಿಲು ಮುಚ್ಚಿತ್ತು.

ಸೂರ್ಯ ಬಂಡೆಯ ನೆತ್ತಿ ದಾಟಿ ನದಿಗೆ ಇಳಿದ. ಬಾಗಿಲು ತೆರೆಯಲಿಲ್ಲ. ಗಂಡಸರು ಕಾಲು ಕುಟ್ಟುತ್ತಾ ಚಳಿ ಕಾಯಿಸಿಕೊಂಡರು. ಸೊಕ್ಬೊಂಗ್ ಸೇತುವೆಯ ಬುಡದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವಳು ಬರದಿದ್ದರೆ ತಾನೇ ಅದನ್ನು ಕಿತ್ತುಹಾಕುವುದು ಎಂದು ರಾತ್ರಿಯೇ ತೀರ್ಮಾನಿಸಿದ್ದ.

ಆಗ ಹಿಂದಿನಿಂದ ಜನ ದಾರಿ ಬಿಡುವ ಸದ್ದಾಯಿತು. ಪಿಲ್ಯೊ ಬರುತ್ತಿದ್ದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಅವರ ಮನೆಯ ಹಿತ್ತಿಲ ಕಟ್ಟೆಯಲ್ಲಿದ್ದ ಕಂದು ಭರಣಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದು.

"ಏನೇ ಇದು?" ಎಂದ ಸೊಕ್ಬೊಂಗ್.

"ಮಾತಾಡಿಸಬೇಡಿ, ಕತ್ತು ಅಲ್ಲಾಡುತ್ತೆ."

"ಸೇತುವೆ ಹತ್ತಬೇಡ ಕಣೇ, ಮೊದಲ ಹೆಜ್ಜೆ ಆಚೆಯವರದ್ದು."

"ಅಷ್ಟೂ ಗೊತ್ತಿಲ್ವಾ ನನಗೆ? ಇಲ್ಲೇ ನಿಲ್ತೀನಿ." ಸೇತುವೆಯ ತುದಿಗೆ ಒಂದು ಗೇಣು ಬಿಟ್ಟು ನಿಂತಳು. ನಿಂತವಳೇ, ನೀರಿನ ಸದ್ದನ್ನೂ ಮೀರಿಸುವ ಗಂಟಲಲ್ಲಿ ಕೂಗಿದಳು. "ಅಕ್ಕಾ! ನಾನು ಮದುವೆಯಾಗಿ ಬಂದ ವರ್ಷ ನೀವು ಒಂದು ಬಟ್ಟಲು ಕೊಟ್ಟಿದ್ರಲ್ಲಾ! ನೆನಪಿದೆಯಾ? ಅದರದ್ದೇ ಇದು! ಹದಿಮೂರು ವರ್ಷ ಬೆಳೆಸಿದೀನಿ! ತಗೊಂಡು ಹೋಗಿ, ಕತ್ತು ಮುರೀತಾ ಇದೆ!"

ಬಾಗಿಲು ತೆರೆಯಿತು.

ಬುನ್ರೆ ಹೊರಬಂದು ಹೊಸ್ತಿಲಲ್ಲಿ ನಿಂತಳು. ಕೂಗಿದ್ದು ಅವಳಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ, ಭರಣಿಯಂತೂ ಕಾಣಿಸಿತು. ಇಬ್ಬರು ಮಕ್ಕಳೂ ಹಿಂದೆ ಬಂದರು. ಮೂವರೂ ದಡಕ್ಕೆ ಇಳಿದರು. ಸೇತುವೆಯ ತುದಿಯಲ್ಲಿ ಬುನ್ರೆ ಚಪ್ಪಲಿ ಕಳಚಿ, ಹೊಸ ಮಣ್ಣಿನ ಮೇಲೆ ಬರಿಗಾಲಿಟ್ಟಳು. ಈಚೆ ದಡದಲ್ಲಿ ಯಾರೋ ಗಟ್ಟಿಯಾಗಿ ಉಸಿರುಬಿಟ್ಟರು.

ನಡುವೆ ಬಂದು ಅವಳು ನಿಂತಳು. ಮೊಣಕಾಲು ಬಗ್ಗಿಸಿ ಒಮ್ಮೆ, ಎರಡು ಸಲ, ಮೂರು ಸಲ ಕುಪ್ಪಳಿಸಿದಳು. ಸೇತುವೆ ತೊಟ್ಟಿಲಿನ ಹಾಗೆ ತೂಗಿತು. ಮಣ್ಣಿನ ನಾಲ್ಕು ಹೆಂಟೆ ನೀರಿಗೆ ಬಿದ್ದವು.

"ಅಲ್ಲಾಡ್ತಿದೆ," ಎಂದಳು. ಆಮೇಲೆ, "ಸರಿಯಾಗಿದೆ."

ಗ್ವಾಕ್ ಅಜ್ಜ ತಲೆ ಆಡಿಸಿದ. ಅಲ್ಲಾಡುವ ಸೇತುವೆಗಷ್ಟೇ ಹೊರಡುವುದು ಗೊತ್ತಿರುತ್ತದೆ. ಹೋದ ವರ್ಷ ಅವನು ಹೇಳಿದ್ದೂ ಅದನ್ನೇ, ಸೊಕ್ಬೊಂಗನಿಗೆ ಅರ್ಥವಾದದ್ದು ಈಗ.

ಬುನ್ರೆ ಈ ದಡ ಸೇರಿದಳು. ಪಿಲ್ಯೊಳ ತಲೆಯಿಂದ ಭರಣಿ ಇಳಿಸಿಕೊಂಡು ನೆಲದ ಮೇಲಿಟ್ಟು, ಬಟ್ಟೆ ಬಿಚ್ಚಿ, ಕಿರುಬೆರಳು ಅದ್ದಿ ನಾಲಿಗೆಗಿಟ್ಟಳು. ಕಣ್ಣು ಮುಚ್ಚಿದಳು.

"ಅತ್ತೆ," ಎಂದಳು. ಅಷ್ಟೇ. ಆಮೇಲೆ ಪಿಲ್ಯೊಳ ಎರಡೂ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಳು. ಗಂಡ ಸತ್ತಾಗಲೂ ಊರೆದುರು ಅಳದವಳು. "ಪುಣ್ಯಾತ್ಗಿತ್ತಿ, ನಿನ್ನ ಹೊಟ್ಟೆ ತಣ್ಣಗಿರಲಿ. ಕೊಟ್ಟಿದ್ದೇ ಮರೆತಿದ್ದೆ ಕಣೇ ನಾನು. ಒಂದು ಬಟ್ಟಲು, ಬರೀ ಒಂದು ಬಟ್ಟಲು."

"ನಮ್ಮನೇಲಿ ರುಚಿ ಅಂತ ಏನಾದ್ರೂ ಇದ್ರೆ ಅದು ಆ ಒಂದು ಬಟ್ಟಲಿಂದಲೇ ಅಕ್ಕ," ಎಂದಳು ಪಿಲ್ಯೊ, ಕತ್ತು ತಿಕ್ಕಿಕೊಳ್ಳುತ್ತಾ.

ಜುಟ್ಟು ಹಿಡಿದು ಎಳೆದ ಅಣ್ಣನಿಗೆ, ರಸ ಹಂಚಿದ ಅತ್ತಿಗೆಗೆ, ಅದನ್ನು ಹದಿಮೂರು ವರ್ಷ ಕಾಪಾಡಿದ ಹೆಂಡತಿಗೆ, ಮರ ಕೊಟ್ಟ ಬೆಟ್ಟಕ್ಕೆ, ಎಲ್ಲರಿಗೂ ಒಟ್ಟಿಗೇ ಸೊಕ್ಬೊಂಗ್ ಋಣಿಯಾಗಿ ನಿಂತಿದ್ದ. ಮೆಲ್ಲಗೆ ಬುನ್ರೆಯ ಎದುರಿಗೆ ಬಂದು ಸೊಂಟ ಬಗ್ಗಿಸಿದ. "ಅತ್ತಿಗೆ, ನನ್ನಿಂದ ತಪ್ಪಾಯ್ತು."

ಬುನ್ರೆ ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. ಊಟ ಆಯ್ತಾ ಎಂಬ ಮಾತು ಬರುತ್ತದೆ ಎಂದು ಅವನು ಕಾದ. ಬರಲಿಲ್ಲ.

"ಮಳೆಗಾಲ ಬರಲಿ, ಗುಮ್ಜಾ ಅಪ್ಪ. ನೋಡೋಣ," ಎಂದಳು. ಗುಮ್ಜಾ ಎಂದರೆ ಅವನ ಮಗಳು. ಭರಣಿಯನ್ನು ತಲೆಗೇರಿಸಿಕೊಂಡು ಸೇತುವೆಯ ಮೇಲೆ ವಾಪಸು ನಡೆದಳು. ಆಮೇಲೆ ಊರೆಲ್ಲ ದಾಟಿತು, ಮಕ್ಕಳು ಕುಣಿದವು, ಹೆಂಡದ ಗಡಿಗೆ ಬರಿದಾಯಿತು. ಸೊಕ್ಬೊಂಗ್ ಮಾತ್ರ ಆ ಚಳಿಗಾಲವಿಡೀ ಮಳೆಗಾಲವನ್ನೇ ಕಾದ. ಸೇತುವೆ ಕಟ್ಟಿ, ಅದು ಸರಿಯಾಗಿ ಹೋಗಲಪ್ಪಾ ಎಂದು ಬೆಟ್ಟಕ್ಕೆ ಕೈಮುಗಿದವನು ಅವನೊಬ್ಬನೇ ಇರಬೇಕು.

ಸೇತುವೆ ಹೋದದ್ದು ಜುಲೈ ಮೊದಲ ವಾರದಲ್ಲಿ, ಒಂದು ಬೆಳಗ್ಗೆ. ಮೂರು ದಿನ ಬಿಡದೆ ಮಳೆ ಹೊಯ್ದು ನದಿ ಕೆಂಪಾಗಿತ್ತು. ಸೊಕ್ಬೊಂಗ್ ಗೋಣಿ ಕೊಪ್ಪೆ ಹಾಕಿಕೊಂಡು ದಡಕ್ಕೆ ಓಡಿದ. ಆಚೆ ದಡದಲ್ಲಿ ಬುನ್ರೆ ಆಗಲೇ ಬಂದು ನಿಂತಿದ್ದಳು. ಅವಳ ಹಿಂದೆ ಹೊಸ ಕಟ್ಟೆಯ ಮೇಲೆ ಕಂದು ಭರಣಿ ತೊಯ್ಯುತ್ತಿತ್ತು. ಪೂರದಲ್ಲಿ ಅವಳ ಹೊಲದ ಮರಳಿನಲ್ಲಿ ಹೂತುಹೋಗಿದ್ದ ಉಕ್ಕಿನ ಹಗ್ಗವನ್ನು ಅಗೆದು ತೆಗೆದು, ಎಳೆ ಬಿಚ್ಚಿ, ಬಟ್ಟೆ ಒಣಗಿಸುವ ತಂತಿ ಮಾಡಿ ಸೂರಿನ ಕೆಳಗೆ ಕಟ್ಟಿಕೊಂಡಿದ್ದಳು.

ಮೇಲಿನಿಂದ ಒಂದು ದೊಡ್ಡ ಮರ ಉರುಳಿಕೊಂಡು ಬಂತು. ಮರ ಬಂದು ಸೇತುವೆಗೆ ತಾಗಿತು. ಒಂದು ಗಳಿಗೆ ಎರಡೂ ಅಂಟಿಕೊಂಡು ನಿಂತವು. ಆಮೇಲೆ ಬಳ್ಳಿಗಳು ಒಂದರ ಹಿಂದೊಂದು ಸರಸರನೆ ಬಿಚ್ಚಿಕೊಂಡವು. ಕವಲುಗಳು ಮಲಗಿದವು, ತೊಲೆಗಳು ಸಾಲಾಗಿ ತೆಪ್ಪದ ಹಾಗೆ ಹೊರಟವು, ಒಣಗಿ ಕಂದಾದ ಪೈನ್ ಕೊಂಬೆಗಳು ಸುತ್ತಿ ಸುತ್ತಿ ತಿರುವಿನಲ್ಲಿ ಮರೆಯಾದವು. ನದಿ ನೆಟ್ಟಗೆ ತನ್ನ ದಾರಿಯಲ್ಲೇ ಹೋಯಿತು. ಆಚೆಯ ಹೊಲದ ಒಂದು ಮೂಲೆಯೂ ಒದ್ದೆಯಾಗಲಿಲ್ಲ.

ಸೊಕ್ಬೊಂಗ್ ಕೊಪ್ಪೆ ತೆಗೆದು ಮಳೆಯಲ್ಲೇ ತಲೆಬಾಗಿದ. ಆಚೆ ಬುನ್ರೆಯೂ ತಲೆಬಾಗಿದಳು. ಅವನು ತಲೆ ಎತ್ತಿದಾಗ ಅವಳು ಇನ್ನೂ ಅಲ್ಲೇ ಇದ್ದಳು, ಅವನನ್ನೇ ನೋಡುತ್ತಾ. ನಿಧಾನವಾಗಿ ಬಲಗೈ ಎತ್ತಿ ಐದು ಬೆರಳು ಕೂಡಿಸಿ ಬಾಯಿಗೆ ತಂದಳು.

ಅವನು ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ. ಎರಡೂ ಕೈಯಿಂದ ಹೊಟ್ಟೆ ಸವರಿ ತೋರಿಸಿದ.